ಅವ್ವ ದೀಪ ಹಚ್ಚಲಿಲ್ಲ

ನನ್ನ ಅವ್ವ ಪೋಲೆಂಡಿನ ಯಹೂದಿ. ಮಹಾಯುದ್ಧದಲ್ಲಿ ಮನೆ ಕಳೆದುಕೊಂಡು, ರಷ್ಯಾದ ಹಿಮದಲ್ಲಿ ಬದುಕುಳಿದು, ಇರಾನ್ ದಾಟಿ, ಕೊಲ್ಹಾಪುರದ ಹತ್ತಿರ ನಿರಾಶ್ರಿತರಿಗೆಂದು ಕಟ್ಟಿದ್ದ ಶಿಬಿರಕ್ಕೆ ಬಂದಾಗ ಅವಳದಿನ್ನೂ ಪರಕಾರ ಉಡುವ ವಯಸ್ಸು. ಆ ಶಿಬಿರಕ್ಕೆ ಬೆಲ್ಲ, ಕಾಯಿಪಲ್ಲೆ ಹಾಕುತ್ತಿದ್ದವರು ಮುರಗೋಡದ ನನ್ನ ಅಪ್ಪ. ಶಿಬಿರ ಮುಚ್ಚಿ ಉಳಿದವರು ಹಡಗು ಹತ್ತಿದಾಗ ಅವ್ವ ಅಪ್ಪನನ್ನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದಳು. ನನಗೆ ಗೊತ್ತಿದ್ದದ್ದು ಇಷ್ಟೇ. ಉಳಿದದ್ದನ್ನು ಕೇಳಿದರೆ ಎದ್ದು ಒಲೆಯ ಮುಂದೆ ಹೋಗಿಬಿಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಮೊದಲಲ್ಲಿ, ನಾವಿಬ್ಬರೂ ಹತ್ತಿ ಮಾರ್ಕೆಟ್ಟಿನ ಹಿಂದೆ ಖಾನಾವಳಿ ತೆಗೆದೆವು. ಅವ್ವನ ರೊಟ್ಟಿ ತೆಳ್ಳಗೆ, ಎಲ್ಲೂ ಹರಿಯದೆ ಬರುತ್ತಿತ್ತು. ಬೀಟ್‌ರೂಟ್ ಹೆರೆದು, ಹುಣಸೆ ಹಿಂಡಿ, ಮೇಲೊಂದು ಚಮಚ ಗಟ್ಟಿ ಮೊಸರು ಬಿಟ್ಟು ಅವಳೊಂದು ಸಾರು ಮಾಡುತ್ತಿದ್ದಳು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಲಾರಿಯವರು ಅದಕ್ಕಾಗಿಯೇ ದಾರಿ ಬಿಟ್ಟು ಬರುತ್ತಿದ್ದರು.

"ಅಮ್ಮಾರ, ಕೆಂಪ ಸಾರು ಇನ್ನೊಂದೀಟು ಹಾಕ್ರಿ" ಎನ್ನುತ್ತಿದ್ದರು.

ಅವ್ವ ಮಾತ್ರ ಎಲ್ಲರೂ ಎದ್ದ ಮೇಲೆ ನಿಂತುಕೊಂಡೇ ತಿನ್ನುತ್ತಿದ್ದಳು, ಕದ್ದು ತಿನ್ನುವವರ ಹಾಗೆ ಬೇಗ ಬೇಗ.

ಬರಬರುತ್ತ ಸವದತ್ತಿ, ರಾಮದುರ್ಗದ ಮದುವೆಗಳಿಗೂ ನಮ್ಮ ಅಡುಗೆ ಹೋಗತೊಡಗಿತು. ಎರಡು ಸಾವಿರದ ಇಸವಿಯ ಈಚೆಗೆ ಕಿತ್ತೂರಿನ ಹೆದ್ದಾರಿಯ ಮೇಲೆ ದೊಡ್ಡ ಖಾನಾವಳಿಯನ್ನೇ ಕಟ್ಟಿಸಿದೆವು. ಶುರುವಾದ ದಿನ ಊರ ಹಿರಿಯರು, ಮಠದ ಸ್ವಾಮಿಗಳು ಬಂದಿದ್ದರು. ಸ್ವಾಮಿಗಳು ಅವ್ವನ ಕೈಗೆ ಉರಿಯುವ ಬತ್ತಿ ಕೊಟ್ಟರು.

"ದೀಪ ಹಚ್ರಿ ತಾಯಿ. ನಿಮ್ಮ ತವರಿನ ಹಿರ್ಯಾರನ್ನ ನೆನಸಿ, ನಿಮಗ ಬರೋ ಪ್ರಾರ್ಥನಾನ ಹೇಳ್ರಿ."

ಅವ್ವ ಬತ್ತಿಯನ್ನು ನನ್ನ ಕೈಗಿತ್ತು ಹಿತ್ತಲಿಗೆ ಹೋಗಿಬಿಟ್ಟಳು.

ದೀಪ ನಾನೇ ಹಚ್ಚಿದೆ. ಬಂದವರ ಮುಂದೆ ನನ್ನ ಮುಖ ಸಣ್ಣದಾಗಿತ್ತು. ಹಿತ್ತಲಿಗೆ ಹೋದರೆ ಅವಳು ಕಟ್ಟಿಗೆ ರಾಶಿಯ ಪಕ್ಕ ಕುಳಿತಿದ್ದಳು.

"ಇಷ್ಟ ಮಂದಿ ಮುಂದ ನನ್ನ ಮರ್ಯಾದಿ ಕಳದಿ" ಎಂದೆ. "ಒಂದ ದೀಪ ಹಚ್ಚಿದ್ರ ಏನಾಗತಿತ್ತು?"

"ನನಗ ಪೂರಾ ಬರೋದು ಒಂದ ಪ್ರಾರ್ಥನಾ. ಅದು ನಮ್ಮದಲ್ಲ."

ಆಮೇಲೆ ಹೇಳಿದಳು. ರಷ್ಯಾದಲ್ಲಿ ತಾಯಿ ಸತ್ತ ಮೇಲೆ ಅವಳೂ ತಂಗಿಯೂ ಅನಾಥಾಲಯದಲ್ಲಿದ್ದರು. ಪೋಲೆಂಡಿನ ಮಕ್ಕಳನ್ನು ಇರಾನಿನ ಕಡೆಗೆ ಒಯ್ಯುವ ರೈಲು ಬರುತ್ತದೆ, ಯಹೂದಿ ಮಕ್ಕಳಿಗೆ ಅದರಲ್ಲಿ ಜಾಗವಿಲ್ಲ ಎಂದು ಸುದ್ದಿಯಾಯಿತು. ಅವ್ವ ಪಕ್ಕದ ಹಾಸಿಗೆಯ ಕ್ರೈಸ್ತ ಹುಡುಗಿಯಿಂದ ಅವರ ಪ್ರಾರ್ಥನೆ ಕಲಿತು ತಂಗಿಗೂ ಕಲಿಸಿದಳು. ರೈಲಿನ ಬಾಗಿಲಲ್ಲಿ ಅಧಿಕಾರಿ ಒಬ್ಬೊಬ್ಬರಿಂದಲೂ ಅದನ್ನು ಹೇಳಿಸಿದ. ಅವ್ವ ತಪ್ಪಿಲ್ಲದೆ ಹೇಳಿ ಒಳಗೆ ಹತ್ತಿದಳು. ತಂಗಿ ನಡುವೆ ತಡವರಿಸಿ ಯಹೂದಿಗಳ ಮನೆಮಾತಿನ ಪದವೊಂದನ್ನು ಆಡಿಬಿಟ್ಟಳು.

"ಅಕಿನ್ನ ಬಾಜೂಕ ನಿಲ್ಲಿಸಿದ್ರು. ನನ್ನ ಕಡೆ ಬೊಟ್ಟು ಮಾಡಿ, ಇಕಿ ನಿಮ್ಮ ಅಕ್ಕ ಏನು ಅಂತ ಕೇಳಿದ್ರು. ಅಕಿ ನನ್ನ ಮಾರಿ ನೋಡಿ, ಇಕಿ ಯಾರೋ ನನಗ ಗೊತ್ತಿಲ್ಲ ಅಂದ್ಲು. ನಾನೂ ಸುಮ್ನ ಕುಂತೆ. ರೈಲು ಅಕಿನ್ನ ಅಲ್ಲೇ ಬಿಟ್ಟು ಹೊಂಟ್ತು."

"ನೀ ಸಣ್ಣಾಕಿದ್ದಿ ಅವ್ವಾ."

"ಅಕಿ ನನಗಿಂತ ಸಣ್ಣಾಕಿ ಇದ್ಲು."

ತಂಗಿಯ ಹೆಸರು ಕೇಳಿದೆ. ಹೇಳಿದಳು. ನನ್ನ ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿಕೊಟ್ಟಳು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆದರು. ಅವಳು ಮುಖ ತೊಳೆದು ಬಡಿಸಲು ಹೋದಳು.

ಕಿತ್ತೂರಿನ ಖಾನಾವಳಿ ಚೆನ್ನಾಗಿ ನಡೆಯಿತು. ಅವ್ವ ತೀರಿಕೊಳ್ಳುವ ಹಿಂದಿನ ವಾರದವರೆಗೂ ಬೈಲಹೊಂಗಲದಿಂದ ಬಸ್ಸಿನಲ್ಲಿ ಬಂದು ದುಡಿದಳು. ಅಂದು ಅವಳ ತಂಗಿ ನಿಜ ಹೇಳಿದ್ದರೆ ಅವ್ವ ರೈಲಿನಿಂದ ಇಳಿಯಬೇಕಾಗಿತ್ತು, ನಾನು ಹುಟ್ಟುತ್ತಲೇ ಇರಲಿಲ್ಲ. ಮಧ್ಯಾಹ್ನ ಬೆಂಚುಗಳೆಲ್ಲ ತುಂಬಿ ಜನ ಹೊರಗೆ ಕಾಯುತ್ತಿರುವಾಗ ನನಗಿದು ನೆನಪಾಗುತ್ತದೆ. ಆಗ ಬಂದವರು "ವ್ಯಾಪಾರ ಭಾರಿ ಐತಲ್ರಿ" ಎಂದರೆ, ಅವರ ಮುಖ ನೋಡಿ ಉತ್ತರಿಸಲು ಆಗುವುದಿಲ್ಲ.