ಸಾಬರ ದಮ್ಮು, ನನ್ನ ಮೈಕು

ಕಳೆದ ಭಾನುವಾರ ಇಟ್ಟಿಗಿಯಲ್ಲಿ ಹಾಡುತ್ತಿದ್ದ ಒಂದಿಡೀ ಮೈದಾನದ ಬಾಯಿ ಮುಚ್ಚಿಸಿದೆ. ಬೈದು ಅಲ್ಲ. ಭಾಷಣ ಮಾಡಿಯೂ ಅಲ್ಲ. ಕನಿಕರ ತೋರಿಸಿ!

ಕಬಡ್ಡಿ ಟೂರ್ನಮೆಂಟಿನ ಫೈನಲ್. ನಾನು ಮುಖ್ಯ ಅತಿಥಿ. (ಅತಿಥಿಗೆ ಕಬಡ್ಡಿ ಗೊತ್ತಿರಬೇಕೆಂದೇನಿಲ್ಲ. ಶಾಲು ಹೊದಿಸಲು ಹೆಗಲಿದ್ದರೆ ಸಾಕು.) ಅಲ್ಲಿ ಫೈನಲ್‌ಗೆ ಮೊದಲು ಒಂದು ರೂಢಿ ಇದೆ. ಹಳೇ ಆಟಗಾರ ಹುಸೇನ್ ಸಾಬರು ಮೈದಾನದ ನಡುವೆ ಮೈಕ್ ಹಿಡಿದು ನಿಂತು ಹಾಡು ಎತ್ತುತ್ತಾರೆ, ಜನ ದನಿಗೂಡಿಸುತ್ತಾರೆ. ಆಡುವ ಕಾಲದಲ್ಲಿ ಸಾಬರು ರೈಡಿಗೆ ಹೊರಟರೆ ಎದುರು ತಂಡ ಅರ್ಧ ಖಾಲಿಯಾಗುವವರೆಗೂ ಉಸಿರು ಬಿಡುತ್ತಿರಲಿಲ್ಲವಂತೆ. ಈಗ ಹಡಗಲಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ.

ಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. "ಗೆರಿ ಮುಟ್ಟಿ ಬಾರೋ ತಮ್ಮಾ..." ಅಂದರು. ಅಬ್ಬಾ, ಏನು ದನಿ! "ದಮ್ಮು ಹಿಡಿದು ಬಾರೋ" ಅಂತ ಜನ ಸೇರಿಸಿದರು. ಸಾಬರು ಮತ್ತೆ ಎತ್ತಿದರು. "ಗೆರಿ ಮುಟ್ಟಿ..." ಅಲ್ಲಿಗೇ ನಿಂತರು. ಎದೆ ಏರಿಳಿಯುತ್ತಿತ್ತು.

ಆಗ ನಾನು ಏನು ಮಾಡಬೇಕಿತ್ತು? ತೆಪ್ಪಗೆ ಕುರ್ಚಿಯಲ್ಲಿ ಕೂತಿರಬೇಕಿತ್ತು. ಆದರೆ ವೇದಿಕೆಯ ಮೇಲೆ ನನ್ನೆದುರಿಗೂ ಒಂದು ಮೈಕ್ ಇತ್ತಲ್ಲ! ಎತ್ತಿಕೊಂಡೇಬಿಟ್ಟೆ.

"ಪಾಪ, ಸಾಬರಿಗೆ ವಯಸ್ಸಾಯಿತು, ಉಸಿರು ಸಾಲುತ್ತಿಲ್ಲ. ಹಾಡಿದಷ್ಟು ಸಾಕು, ಜೋರಾಗಿ ಒಂದು ಚಪ್ಪಾಳೆ ಕೊಡಿ!"

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹಾಡಲು ತೆರೆದ ಬಾಯಿಗಳು ತೆರೆದಂತೆಯೇ ಉಳಿದವು. ಸಾಬರು ನನ್ನ ಕಡೆ ನೋಡಿ ನಕ್ಕಂತೆ ಮಾಡಿದರು. ಮೈಕನ್ನು ಪಕ್ಕದವರ ಕೈಗಿತ್ತು ಹೊರಟುಹೋದರು.

ವೇದಿಕೆಯಲ್ಲಿ ನನ್ನ ಪಕ್ಕದಲ್ಲಿದ್ದ ಕಮಿಟಿಯ ಕೊಟ್ರಪ್ಪ ಹಣೆ ಚಚ್ಚಿಕೊಂಡ.

"ಎಂಥಾ ಕೆಲಸ ಮಾಡಿದ್ರಿ ಸರ! ಅವರಿಗೆ ದಮ್ಮು ಹತ್ತಾಕ ಶುರುವಾಗಿ ಭಾಳ ವರ್ಷ ಆತು. ನಮಗೆಲ್ಲಾ ಗೊತ್ತೈತಿ. ಅವರು ಎಲ್ಲಿ ನಿಲ್ಲಸ್ತಾರೋ ಅಲ್ಲಿಂದ ನಾವು ಎತ್ಕೋತೀವಿ. ವರ್ಷಾ ವರ್ಷಾ ಅವರು ಲಗೂನ ನಿಲ್ಲಸ್ತಾರ, ನಾವೂ ಲಗೂನ ಎತ್ಕೋತೀವಿ. ಈ ಮಾತು ಒಬ್ರೂ ಬಾಯಿಬಿಟ್ಟು ಆಡಿಲ್ಲ ನೋಡ್ರಿ, ನಮ್ಮ ನಮ್ಮ ಮನ್ಯಾಗೂ ಆಡಿಲ್ಲ."

ಹೆಗಲ ಮೇಲಿನ ಶಾಲನ್ನು ಎಲ್ಲಿ ಬಚ್ಚಿಡಲಿ ಅನಿಸಿತು. ಯೋಚಿಸಿ. ಆ ಜನರಲ್ಲಿ ಪಾರ್ಟಿ ಬೇರೆ, ಓಣಿ ಬೇರೆ, ಅವತ್ತು ಬೆಂಬಲಿಸಲು ಬಂದ ಟೀಮೂ ಬೇರೆ. ಆದರೂ ಒಬ್ಬ ಮನುಷ್ಯನ ಉಸಿರು ಕಡಿಮೆಯಾದದ್ದು ಎದ್ದು ಕಾಣದಂತೆ ಸೇರಿ ಹಾಡುತ್ತಿದ್ದರು. ಯಾವ ಮೀಟಿಂಗೂ ನಡೆದಿರಲಿಲ್ಲ.

ನಾನೊಬ್ಬನೇ ಹೀಗೋ, ನೀವೂ ಹೀಗೆಯೋ? ಮದುವೆ ಊಟಕ್ಕೆ ಕೂತಾಗ ನಾಲ್ಕು ಜನರ ಎದುರು "ಏನ್ರೀ ಇಷ್ಟು ಸೊರಗಿದ್ದೀರಿ, ಶುಗರಾ?" ಅನ್ನುತ್ತೇವೆ. ತುಂಬಿದ ಬಸ್ಸಿನಲ್ಲಿ "ಮಗಳಿಗೆ ಇನ್ನೂ ಗಂಡು ಸಿಗಲಿಲ್ವಾ?" ಅಂತ ಕೇಳುತ್ತೇವೆ. ಇದಕ್ಕೆಲ್ಲ ಕಾಳಜಿ ಎಂಬ ಒಳ್ಳೇ ಹೆಸರು ಬೇರೆ ಕೊಟ್ಟುಕೊಂಡಿದ್ದೇವೆ. ಥೂ.

ಮರುದಿನ ಹಡಗಲಿಗೆ ಹೋದೆ. ಸಾಬರು ಟ್ರ್ಯಾಕ್ಟರಿನ ಕೆಳಗಿನಿಂದ ಎದ್ದು ಬಂದು, ಕೈ ಒರೆಸಿಕೊಂಡು, ಚಹಾ ತರಿಸಿದರು. ನಾನು ತಡವರಿಸುತ್ತಾ ಕ್ಷಮೆ ಕೇಳಿದೆ.

"ಇರ್ಲಿ ಬಿಡ್ರಿ ಸರ. ನೀವೇನು ಸುಳ್ಳು ಹೇಳಿದ್ರಾ? ಖರೇನ ಹೇಳಿದ್ರಿ" ಅಂದರು. ಆಮೇಲೆ ಚಹಾ ಲೋಟದ ಕಡೆ ನೋಡುತ್ತಾ, "ಬರೋ ವರ್ಷ ನಾ ಬರಂಗಿಲ್ರಿ. ಬ್ಯಾರೆ ಯಾರರ ಹಾಡ್ಲಿ" ಅಂದರು.

ಅರ್ಧ ಲೋಟ ಚಹಾ ಬಿಟ್ಟು ಎದ್ದೆ.

ಹೌದು, ನಾನು ಹೇಳಿದ್ದು ಖರೆಯೇ. ಇಡೀ ಊರಿಗೆ ಗೊತ್ತಿದ್ದ ಖರೆಯನ್ನು ಊರಿಗೇ ಹೇಳಲು ನನಗೆ ಮೈಕ್ ಬೇಕಿತ್ತೇ?