ಅಪ್ಪನ ಕತ್ತಿನೊಳಗಿನ ಕುರಿ

ನಾನು ಚಿಕ್ಕವನಿದ್ದಾಗ ನನ್ನ ಬಾಯೊಳಗೆ ಇಡೀ ಊರೇ ಇತ್ತು. ಮೇಷ್ಟ್ರ ಕೆಮ್ಮು, ಹೊಸದುರ್ಗದ ಬಸ್ಸಿನ ಕಂಡಕ್ಟರ್ ಸೀಟಿ, ನಮ್ಮ ಟಗರಿನ ಸೀನು, ಎಲ್ಲವನ್ನೂ ಅಣಕಿಸುತ್ತಿದ್ದೆ. ಒದೆ ತಿಂದು ನಾನೇ ಅಳುವ ರಾಗವನ್ನೂ ಬಿಟ್ಟಿರಲಿಲ್ಲ. ಅದು ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಆದರೆ ನನಗೆ ಬಲು ಇಷ್ಟದ್ದು ಅಜ್ಜಿಯ ದನಿ. ಅಜ್ಜಿ ಉಳುಕು ತೆಗೆಯುತ್ತಿದ್ದಳು. ಹಾಲುರಾಮೇಶ್ವರದ ಗುಡಿಗೆ ನಡೆದು ಹೊರಟವರು, ಕಾಲಿನ ಮೀನಖಂಡ ಹಿಡಿದುಕೊಂಡರೆ, ನಮ್ಮ ಕಟ್ಟೆಯ ಮೇಲೆ ಬಂದು ಕಾಲು ಚಾಚುತ್ತಿದ್ದರು. ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ, ಬಿಗಿದ ಗಂಟನ್ನು ಹೆಬ್ಬೆರಳಲ್ಲಿ ಹುಡುಕಿ, ತಪ್ಪಿಸಿಕೊಂಡ ಕುರಿಯನ್ನು ಬೈದಂತೆ ಅದನ್ನು ಬೈಯುತ್ತಾ ಮೆಲ್ಲಗೆ ಕೆಳಕ್ಕೆ ಅಟ್ಟುತ್ತಿದ್ದಳು. ಮೂಳೆಯ ಮೇಲೆ ಒತ್ತುತ್ತಿರಲಿಲ್ಲ. ಅವರು ಉಸಿರು ಹೊರಗೆ ಬಿಟ್ಟಾಗ ಮಾತ್ರ ಬೆರಳು ಊರುತ್ತಿದ್ದಳು. ಬೈಗುಳ ಕೇಳಿ ಅವರಿಗೆ ನಗು. ನಕ್ಕರೆ ಮೈ ತಾನೇ ಸಡಿಲ.

ಆ ಅಜ್ಜಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಅಪ್ಪನ ಕತ್ತು ಹಿಡಿದುಕೊಂಡಿತು. ಅಪ್ಪ ಅತ್ತಿರಲಿಲ್ಲ. ಕರೆದರೆ ಕಂಬದ ಹಾಗೆ ಇಡೀ ಮೈ ತಿರುಗಿಸುತ್ತಿದ್ದ. ತೋಳ ಓಡಾಡುವ ಬಯಲಿಗೆ, ಹಿಂದಕ್ಕೆ ನೋಡಲಾಗದವನು ಕುರಿ ಹೊಡೆದುಕೊಂಡು ಹೋಗುವುದು ಹೇಗೆ? ಮಂದೆ ದೊಡ್ಡಿಯೊಳಗೇ ಹಸಿದು ಅರಚುತ್ತಿತ್ತು. ಅಂಥದ್ದರಲ್ಲೂ ನಾನು ಅಪ್ಪನ ನಡಿಗೆಯನ್ನು ಅಣಕಿಸಿದೆ. ಯಾರೂ ನಗಲಿಲ್ಲ.

ನೀವುವುದನ್ನು ಅಕ್ಕ ಅಜ್ಜಿಯಿಂದ ಕಲಿತಿದ್ದಳು. ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಕಿವಿಯ ಹಿಂದಿನಿಂದ ಹೆಗಲವರೆಗೆ ಎಣ್ಣೆ ಹಚ್ಚಿ ನೀವಿದಳು. ಬೆರಳು ತಗುಲಿದಷ್ಟೂ ಅಪ್ಪ ಇನ್ನೂ ಬಿಗಿಯುತ್ತಿದ್ದ. ಅಕ್ಕ ನನ್ನ ಕಡೆ ನೋಡಿ ಪಿಸುಗುಟ್ಟಿದಳು, “ಲೇ, ಅಜ್ಜಿ ಹಂಗೆ ಮಾತಾಡು.”

ನನಗೆ ಹೆದರಿಕೆಯಾಯಿತು. ಆದರೂ ಅಪ್ಪನ ಬೆನ್ನ ಹಿಂದೆ ನಿಂತು ಬಾಯಿ ತೆರೆದೆ. “ಎಲ್ಲಿ ನುಗ್ತೀಯಲೇ ತುಡುಗು ಕುರಿ? ಆ ಕಡೆ ಬೇಲಿ ಐತೆ. ಇಳಿ, ಇಳಿ. ದೊಡ್ಡಿಗೆ ನಡಿ.”

ಅಪ್ಪನ ಹೆಗಲು ನಡುಗಿತು. ಉದ್ದನೆಯ ಉಸಿರೊಂದು ಹೊರಬಂತು, ಅದರ ಜೊತೆಗೇ ಅಕ್ಕನ ಹೆಬ್ಬೆರಳು ಕೆಳಕ್ಕೆ ಜಾರಿತು. ಇನ್ನು ಸಾಕು ಎಂದುಕೊಂಡೆ, ಬಾಯಿ ನಿಲ್ಲಲಿಲ್ಲ. “ಅತ್ಬಿಡಪ್ಪ, ಯಾರೂ ನೋಡಲ್ಲ” ಎಂದಿತು. ಅಜ್ಜಿ ಹಾಗೆ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

“ಹೂಂ ಕಣವ್ವ” ಅಂದ ಅಪ್ಪ. ಅಳುತ್ತಾ ಅಳುತ್ತಾ ಮೆಲ್ಲಗೆ ಕತ್ತು ತಿರುಗಿಸಿದ. ಅವನ ಕಣ್ಣು ನನ್ನನ್ನು ದಾಟಿ, ಅಜ್ಜಿ ಕೂರುತ್ತಿದ್ದ ಖಾಲಿ ಮೂಲೆಯ ಮೇಲೆ ನಿಂತಿತು. ಆಮೇಲೆ ಎದ್ದು ಮಂದೆ ಹೊಡೆದುಕೊಂಡು ಹೋದ. ಆ ದನಿಯನ್ನು ನಾನು ಮತ್ತೆ ಅಣಕಿಸಲಿಲ್ಲ.

ಮಕ್ಕಳೇ, ನಿಮಗೀಗ ಗುರ್ರೆನ್ನುವ ಮಸಾಜ್ ಮಿಷನ್ ಇದೆ. ಅದನ್ನೂ ಅಣಕಿಸಬಲ್ಲೆ, ಚಾರ್ಜ್ ಮುಗಿಯುವಾಗ ಅದು ನರಳುವುದನ್ನೂ. ಮೊನ್ನೆ ಮೊಬೈಲಿಗೆ ಬಗ್ಗಿ ಬಗ್ಗಿ ಮೊಮ್ಮಗಳ ಕತ್ತು ಹಿಡಿದುಕೊಂಡಾಗ ಆ ಮಿಷನ್ನಿನಲ್ಲಿ ಚಾರ್ಜ್ ಇರಲಿಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿ ನಾನೇ ನೀವುತ್ತಾ ಕುಳಿತೆ. ಅವಳು ಕಿಸಕ್ಕನೆ ನಕ್ಕಳು. “ಅಜ್ಜಾ, ದೊಡ್ಡಿ ಅಂದ್ರೇನು? ಯಾವ ಅಜ್ಜಿ ಥರ ಮಾತಾಡ್ತಿದೀಯ?”

ನಾನು ಬಾಯಿ ತೆರೆದಿದ್ದೇ ನನಗೆ ಗೊತ್ತಿರಲಿಲ್ಲ.