ತಕ್ಕಡಿ ಸಾಹೇಬರು ಟರ್ನ್‌ಟೇಬಲ್ ಆರಿಸಿದ್ದು

ನಮ್ಮವರನ್ನು ಪೇಟೆಯಲ್ಲಿ ಎಲ್ಲರೂ ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿದ್ದರು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬರೀ ತಕ್ಕಡಿ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಸೇರಿ ಅಲ್ಲೇ ನಿವೃತ್ತರಾದ ಮನುಷ್ಯ. ಅಂಗಡಿಯವನು ನಕ್ಕರೆ ಯಾಕೆ ನಕ್ಕ ಎಂದು ಅನುಮಾನ, ನಗದಿದ್ದರೆ ಏನು ಮುಚ್ಚಿಡುತ್ತಿದ್ದಾನೆ ಎಂದು ಅನುಮಾನ. ಮದುವೆಯಾದ ಹೊಸತರಲ್ಲಿ ನಾನು ಕಾಫಿಗೆ ಸಕ್ಕರೆ ಹಾಕಿದ ಚಮಚವನ್ನೇ ತಿರುಗಿಸಿ ಮುರುಗಿಸಿ ನೋಡಿದವರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಆ ಗಾದೆಯನ್ನು ಇವರನ್ನು ನೋಡಿಯೇ ಕಟ್ಟಿರಬೇಕು.

ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು, ಕೆಲಸದಲ್ಲಿ ನ್ಯಾಯ ತಪ್ಪಿದವರಲ್ಲ. ತೂಕ ಕಡಿಮೆ ಬಂತೆಂದು ಗಿರಾಕಿ ಕೂಗಾಡಿದರೆ ಇವರು ಮೊದಲು ಮಾಡುತ್ತಿದ್ದುದು ಅದಲುಬದಲು. ಎಡತಟ್ಟೆಯ ಸರಕು ಬಲಕ್ಕೆ, ಬಲದ ತೂಕದ ಕಲ್ಲು ಎಡಕ್ಕೆ. ಕೊರತೆ ಸರಕಿನ ಜೊತೆಗೇ ಹೋದರೆ ಸರಕಿನದು. ಇದ್ದ ಕಡೆಯೇ ನಿಂತರೆ ತಕ್ಕಡಿಯದು. ಆಮೇಲೆ ಇಡೀ ಬೀದಿಗೆ ಕೇಳುವಂತೆ ತೀರ್ಪು ಹೇಳುವರು: "ತಪ್ಪು ತಕ್ಕಡೀದು, ಸರಕಿಂದಲ್ಲ." ನಮ್ಮ ಮಗಳು ಚಿಕ್ಕಂದಿನಲ್ಲಿ ಬೊಂಬೆಗಳನ್ನು ಸಾಲಾಗಿ ಕೂರಿಸಿ ಇದನ್ನೇ ಹೇಳಿ ಆಡುತ್ತಿದ್ದಳು.

ಇಂಥವರ ಅನುಮಾನ ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋಗಬೇಕು? ಮನೆಯೊಳಗೆ ಬಂತು.

ಮೊದಲು ಹಳೆಯ ರೆಕಾರ್ಡ್ ಪ್ಲೇಯರಿನ ಮೇಲೆ ಬಿತ್ತು. ನನ್ನ ಅಣ್ಣ ಬಿಟ್ಟುಹೋದ ರೆಕಾರ್ಡುಗಳೆಂದರೆ ಇವರಿಗೆ ಪ್ರಾಣ. ಒಂದು ದಿನ ಇದರ ಎಡಗಡೆಯ ಸದ್ದು ಸತ್ತಿದೆ, ಒಳ್ಳೆಯ ಟರ್ನ್‌ಟೇಬಲ್ಲನ್ನೇ ತರಬೇಕು ಎಂದರು. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಹಾಗೆಂದರೆ ನಿನಗೆ ಸಂಗೀತದ ಗಂಧವಿಲ್ಲ ಎಂದು ಬಾಯಿ ಮುಚ್ಚಿಸಿದರು. ಅದರ ಬೆನ್ನಿಗೇ ನಮ್ಮ ಮೇಲೂ ಬಿತ್ತು. ಊಟದ ಮೇಜಿನಲ್ಲಿ ಮಗಳು ಇವರ ಎಡಕ್ಕೆ ಕೂರುತ್ತಾಳೆ, ಅವಳ ಪಕ್ಕ ನಾನು. ನಾವು ಬಾಯಿ ತೆರೆದರೆ ಸಾಕು, ಅದೇನು ಗುಸುಗುಸು ಎಂದು ತಟ್ಟೆ ದೂಡುವರು. ಮಗಳು ಏನಾದರೂ ಕೇಳಿದರೆ ಉತ್ತರವೇ ಇಲ್ಲ; ಅವಳು ಎದ್ದುಹೋದ ಮೇಲೆ, ಅವಳು ನನ್ನ ಬಗ್ಗೆ ಏನಂದಳು ಎಂದು ನನ್ನ ವಿಚಾರಣೆ. ಬೀದಿಯಲ್ಲಿ ನಡೆಯುವಾಗ ವಾಹನಗಳ ಕಡೆಗೆ ಇವರು, ಇವರ ಎಡಕ್ಕೆ ನಾನು. ಮದುವೆಯಾದಂದಿನಿಂದ ಇದೇ ರೂಢಿ. ಅಲ್ಲೂ ಅಷ್ಟೆ, ನಾನು ಗೊಣಗುತ್ತೇನಂತೆ.

ಒಂದು ಸಂಜೆ ಅದು ಕಟ್ಟೆಯೊಡೆಯಿತು. "ಬೆನ್ನ ಹಿಂದೆ ಪಿಸುಗುಟ್ಟೋರಿಗೆ ನನ್ನ ಮನೇಲಿ ಜಾಗ ಇಲ್ಲ" ಎಂದುಬಿಟ್ಟರು. ಮಗಳು ಜಗಳವಾಡಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಕೆಲಸದ ಜಾಗದ ಹತ್ತಿರವೇ ಒಂದು ಕೋಣೆ ನೋಡಿಕೊಂಡಳು. ಭಾನುವಾರ ಹೊರಡುವುದೆಂದು ಗೊತ್ತಾಯಿತು. ತಡೆಯಿರಿ ಎಂದು ಇವರ ಮುಂದೆ ಗೋಗರೆದೆ. "ಹೋಗ್ಲಿ" ಎಂದರು, ಅಷ್ಟೇ. ಶನಿವಾರ ಬೆಳಿಗ್ಗೆ ಅವಳು ಪೆಟ್ಟಿಗೆ ತುಂಬುತ್ತಿದ್ದರೆ ಇವರು ಷೂ ಹಾಕಿಕೊಂಡು, ಬಾ, ಟರ್ನ್‌ಟೇಬಲ್ ನೋಡಿಬರೋಣ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೋದೆ. ದಾರಿಯಲ್ಲಿ ಮನಸ್ಸು ಕರಗಿಸಬಹುದೇನೋ ಎಂಬ ಆಸೆ.

ಮೊದಲನೆಯ ಅಂಗಡಿಯಲ್ಲಿ ಗಾಜಿನ ಬಾಗಿಲು, ಕಾಲು ಹೂತುಹೋಗುವ ಜಮಖಾನ. ಟೈ ಕಟ್ಟಿದವನು ಬೆಲ್ಟಿನಿಂದ ತಿರುಗುವುದು, ನೇರ ಮೋಟಾರಿನಿಂದ ತಿರುಗುವುದು ಎಂದು ಏನೇನೋ ವಿವರಿಸಿದ. ಇವರು ಜೇಬಿನಿಂದ ರಸಮಟ್ಟ ತೆಗೆದು ತಟ್ಟೆ ಸಮತಟ್ಟಾಗಿದೆಯೇ ನೋಡಿದರು. ಮುಳ್ಳು ರೆಕಾರ್ಡಿನ ಮೇಲೆ ಎಷ್ಟು ಭಾರ ಊರಬೇಕು ಎಂದು ಅವನು ಹೇಳಿದ್ದೇ ತಡ, ತಾವೇ ಮಾಡಿದ ಬೆರಳುದ್ದದ ತಕ್ಕಡಿ ಇಟ್ಟು, ಚಿಮಟದಲ್ಲಿ ಚೂರು ತೂಕ ಎತ್ತಿಹಾಕಿ ಪರೀಕ್ಷಿಸಿದರು. ಮುಳ್ಳಿನ ತೋಳಿನ ಹಿಂದೆ ಜೋಡಿಸಿದ ಗುಂಡನ್ನು ನೋಡಿ, ಇದೂ ಒಂದು ತಕ್ಕಡಿಯೇ ಕಣೇ ಎಂದು ಮಗುವಿನ ಹಾಗೆ ನಕ್ಕರು. ಹಾಡು ಶುರುವಾದದ್ದೇ ಮುಖ ಗಂಟಾಯಿತು. ಎಡಗಡೆ ಕಡಿಮೆಯಂತೆ.

ಎರಡೂ ಕಡೆ ಒಂದೇ ಥರ ಕೇಳುತ್ತಿದೆಯಲ್ಲ ಎಂದು ನಾನು. ನಿನ್ನ ತಲೆ ಯಾವಾಗ ಕೆಡಿಸಿದ ಇವನು ಎಂದು ಇವರು. ಎರಡನೆಯ ಅಂಗಡಿಯಲ್ಲೂ ಅದೇ ರಾಗ. ಅಲ್ಲಿನ ಮುದುಕ ಒಂದಾದ ಮೇಲೊಂದು ನಾಲ್ಕಾರು ಟರ್ನ್‌ಟೇಬಲ್ ಹಾಕಿ ತೋರಿಸಿದ, ಎಲ್ಲದಕ್ಕೂ ಎಡಗಡೆ ಕಡಿಮೆ. "ಯಾರ ಕಿವಿ ಮೇಲೆ ಹೂ ಇಡ್ತಿದ್ದೀಯ?" ಎಂದು ಅವನ ಮೇಲೆ ಹರಿಹಾಯ್ದು ಹೊರಬಂದರು. ಪೇಟೆಯವರೆಲ್ಲ ಶಾಮೀಲಂತೆ, ಕೆಟ್ಟ ಮಾಲನ್ನು ಒಂದೇ ಕಡೆಯಿಂದ ತರಿಸಿದ್ದಾರಂತೆ. ಸಹವಾಸದೋಷ ನೋಡಿ, ನನಗೂ ಒಂದು ಗಳಿಗೆ ಇದ್ದರೂ ಇರಬಹುದು ಎನಿಸಿತು.

ಮೂರನೆಯದು ಓಣಿಯೊಳಗಿನ ಸಣ್ಣ ಅಂಗಡಿ. ನಡೆಸುವವಳು ನಡುವಯಸ್ಸಿನ ಹೆಂಗಸು, ಬೆರಳ ತುಂಬ ಬೆಸುಗೆಯ ಸುಟ್ಟ ಕಲೆ. ಇವರು ತೂಗಿದ್ದು, ಮಟ್ಟ ನೋಡಿದ್ದು ಯಾವುದಕ್ಕೂ ಅವಳು ಬೇಸರಪಡಲಿಲ್ಲ. ಆದರೆ ಎಡಗಡೆ ಕಡಿಮೆ, ನೀವೂ ಅವರ ಪೈಕಿಯೇ ಎಂದಾಗ ಎರಡೂ ತಂತಿಗಳನ್ನು ಬಿಚ್ಚಿ ಇವರ ಕೈಗೇ ಕೊಟ್ಟಳು.

"ನನ್ನನ್ನ ನಂಬಬೇಡಿ ಸಾರ್. ನೀವೇ ಅದಲುಬದಲು ಮಾಡಿ ನೋಡಿ."

ಅದಲುಬದಲು ಎಂದ ಕೂಡಲೇ ಇವರ ಬೆನ್ನು ನೆಟ್ಟಗಾಯಿತು. ಟರ್ನ್‌ಟೇಬಲ್ಲಿನ ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರು. ದೋಷ ಟರ್ನ್‌ಟೇಬಲ್ಲಿನದಾದರೆ ಅದೀಗ ಬಲಕ್ಕೆ ಬರಬೇಕು. ಬರಲಿಲ್ಲ. ಹಾಗಾದರೆ ಸ್ಪೀಕರಿನದು ಎಂದು ಎರಡೂ ಸ್ಪೀಕರುಗಳನ್ನು ತಾವೇ ಹೊತ್ತು ಜಾಗ ಬದಲಿಸಿದರು. ಕೂತು ಕೇಳಿದರು. ಈಗಲೂ ಕೊರತೆ ಎಡಕ್ಕೇ. ನಾನು ಅಂಗಡಿಯವಳ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು.

ಇವರು ಎದ್ದರು. ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತು ಕಣ್ಣು ಮುಚ್ಚಿದರು. ಇಷ್ಟು ಹೊತ್ತು ಚೆನ್ನಾಗಿ ಕೇಳುತ್ತಿದ್ದ ಸ್ಪೀಕರು ಈಗ ಇವರ ಎಡಕ್ಕಿತ್ತು. ಹಾಡು ಮುಗಿಯುವ ತನಕ ಅಲುಗಾಡಲಿಲ್ಲ. ಆಮೇಲೆ ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿ, ಏನಾದರೂ ಹೇಳು ಎಂದರು. ನಾನೇನು ಹೇಳಲಿ? ನಾಳೆ ಮಗಳು ಹೋಗ್ತಾಳೆ ಅಂದೆ. ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕೈ ಮೆಲ್ಲಗೆ ಕೆಳಗಿಳಿಯಿತು. ಆ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ನಿಮ್ಮ ಮಾಲು ಸರಿಯಾಗಿದೆಯಮ್ಮ" ಎಂದು ಅಂಗಡಿಯವಳಿಗೆ ಹೇಳಿ, ಅದನ್ನೇ ಕಟ್ಟಿಡಲು ಹೇಳಿದರು. ಅವಳು ಮೊದಲು ಕಿವಿಯನ್ನು ಡಾಕ್ಟರಿಗೆ ತೋರಿಸಿ ಬನ್ನಿ, ಇದು ಎಲ್ಲೂ ಓಡಿಹೋಗುವುದಿಲ್ಲ ಎಂದಳು. ಹೊರಗೆ ಬಂದ ಮೇಲೆ ರೂಢಿಯಂತೆ ನಾನು ಇವರ ಎಡಕ್ಕೆ ಬಂದೆ. ಇವರು ನನ್ನ ತೋಳು ಹಿಡಿದು ಬಲಕ್ಕೆ ಕರೆದುಕೊಂಡರು. ಮನೆಯ ತನಕ ಒಂದೇ ಒಂದು ಪ್ರಶ್ನೆ ಕೇಳಿದರು: ಊಟಕ್ಕೆ ಕೂತಾಗ ಮಗಳು ನನ್ನನ್ನು ಏನು ಕೇಳುತ್ತಿದ್ದಳು? ಸಾರು ಬೇಕಾ ಅಂತ ಕೇಳ್ತಿದ್ದಳು, ಗುಳಿಗೆ ತಗೊಂಡ್ರಾ ಅಂತ ಕೇಳ್ತಿದ್ದಳು ಎಂದೆ.

ಮಗಳು ನಡುಮನೆಯಲ್ಲಿ ಕೊನೆಯ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದಳು. ನಮ್ಮನ್ನು ನೋಡಿಯೂ ನೋಡದ ಹಾಗೆ ಎಳೆಯುತ್ತಲೇ ಇದ್ದಳು. ಇವರು ಪೆಟ್ಟಿಗೆಯನ್ನು ಸುತ್ತಿಬಂದು, ಅವಳು ತಮ್ಮ ಬಲಕ್ಕೆ ಬರುವಂತೆ ನಿಂತು, ಏನೋ ಹೇಳಿದರು. ಟೇಪಿನ ಪರಪರ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೂ ಮಾತು ತಿಳಿಯಲಿಲ್ಲ.

"ಏನಂದ್ರಿ? ಕೇಳಿಸ್ಲಿಲ್ಲ" ಎಂದಳು ಮಗಳು, ತಲೆಯೆತ್ತದೆ.

ಇನ್ನೇನು ಸಿಡಿದೇಳುತ್ತಾರೆ ಎಂದುಕೊಂಡೆ. ಇವರು ಗಂಟಲು ಸರಿಪಡಿಸಿಕೊಂಡು, ಕಣ್ಣಲ್ಲಿ ನೀರಿಟ್ಟುಕೊಂಡು, ಹಿಂದೆ ಪೇಟೆಯ ನಡುವೆ ನಿಂತು ಹೇಳುತ್ತಿದ್ದರಲ್ಲ, ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದರು.

"ತಪ್ಪು ತಕ್ಕಡೀದು ಮಗಳೇ. ಸರಕಿಂದಲ್ಲ."

ಮಗಳು ಟೇಪನ್ನು ಕೆಳಗಿಟ್ಟಳು. ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕಿದರು.